ಗೋಧಿ ತೊಯಿಸುವ ಮೊದಲು

ಚೈತ್ರದ ಬಿಸಿಲು ಬಲಿತಿತೆಂದರೆ ನಮ್ಮ ಕಡೆಯ ಹಳ್ಳಿಗಳಲ್ಲಿ ಶಾವಿಗೆ ಮಣೆಗಳು ಅಟ್ಟದಿಂದ ಕೆಳಗಿಳಿಯುತ್ತವೆ. ಮದುವೆ ಗೊತ್ತಾದ ಮನೆಯವರು ಮೊದಲು ಗೋಧಿ ತೊಯಿಸುತ್ತಾರೆ. ಅದನ್ನು ಆರಿಸಿ, ಬೀಸಿ, ಸೋಸಿ, ಕಣಕ ನಾದಿ ಇಟ್ಟರೆ ಮಧ್ಯಾಹ್ನದ ಹೊತ್ತಿಗೆ ಓಣಿಯ ಹೆಣ್ಣುಮಕ್ಕಳು ಬಂದು ಮಣೆಗೆ ಕೂಡುತ್ತಾರೆ. ಇಂದು ಈ ಮನೆ, ನಾಳೆ ಆ ಮನೆ. ಕೂಲಿಯ ಮಾತಿಲ್ಲ. ಹೀಗಾಗಿ ಯಾರ ಮನೆಯಲ್ಲಿ ಗೋಧಿ ತೊಯಿಸಿದ್ದಾರೆಂದು ತಿಳಿದರೆ ಸಾಕು, ಮದುವೆ ಯಾರದೆಂದು ಬೇರೆ ಕೇಳಬೇಕಾಗಿಲ್ಲ.

ಈ ವರ್ಷ ಮಿಶ್ರಿಕೋಟಿಯ ಆಚೆಗಿನ ಒಂದು ಸಣ್ಣ ಹಳ್ಳಿಯಲ್ಲಿ ಶಂಕ್ರಪ್ಪನ ಮನೆಯವರು ಗೋಧಿ ತೊಯಿಸಿದರು. ಊರಿನ ಹೆಸರು ಬೇಡ. ಇಂಥ ಊರುಗಳು ನಮ್ಮ ಜಿಲ್ಲೆಯಲ್ಲಿ ಒಂದೆರಡಲ್ಲ.

ಶಂಕ್ರಪ್ಪನಿಗೆ ಇಬ್ಬರು ಹೆಣ್ಣುಮಕ್ಕಳಿದ್ದರು. ಹಿರಿಯವಳು ಮಾದೇವಿ, ಕಿರಿಯವಳು ಗೌರಿ. ಮಾದೇವಿಯನ್ನು ಹದಿನಾಲ್ಕು ತುಂಬುವ ಮೊದಲೇ ಕುಂದಗೋಳದ ಕಡೆ ಮಡಿವಾಳೆಪ್ಪ ಎಂಬವನಿಗೆ ಕೊಟ್ಟಿದ್ದರು. ಮೂವತ್ತರ ಸಮೀಪದ ಗಂಡು, ಒಳ್ಳೆಯ ಕಪ್ಪುಮಣ್ಣಿನ ಎರಿ ಹೊಲ, ನಾಲ್ಕು ಎತ್ತು. ಚೊಚ್ಚಿಲ ಹೆರಿಗೆಗೆ ಮಾದೇವಿ ತವರಿಗೆ ಬಂದಳು. ಗಂಡು ಕೂಸು ಹುಟ್ಟಿತು, ತಾಯಿ ಉಳಿಯಲಿಲ್ಲ. ಕೂಸು ಅಜ್ಜಿ ನೀಲಕ್ಕನ ಮಡಿಲಲ್ಲಿ ಆಡಿನ ಹಾಲು ಕುಡಿದು ಬೆಳೆಯುತ್ತಿತ್ತು.

ಈಗ ಬೀಗರಾದ ಶಂಭುಲಿಂಗಪ್ಪನವರು, ಅಂದರೆ ಮಡಿವಾಳೆಪ್ಪನ ತಂದೆ, ಹೇಳಿ ಕಳಿಸಿದ್ದರು. ಗೌರಿಯನ್ನು ತಮ್ಮ ಮಗನಿಗೇ ಕೊಡಬೇಕು. ಕೊಡದಿದ್ದರೆ ಕೂಸನ್ನು ಒಯ್ಯುತ್ತೇವೆ, ಮಗನಿಗೆ ಬೇರೆ ಕಡೆ ಹೆಣ್ಣು ತರುತ್ತೇವೆ. ಅಕ್ಕ ತೀರಿದ ಮನೆಗೆ ತಂಗಿಯನ್ನು ಕೊಡುವುದು ನಮ್ಮಲ್ಲಿ ಹೊಸದಲ್ಲ. ಕೂಸು ಪರರ ಕೈಸೇರಬಾರದು, ಬೀಗತನ ಮುರಿಯಬಾರದು ಎಂಬುದು ಅದಕ್ಕೆ ಹೇಳುವ ಕಾರಣ. ಶಂಕ್ರಪ್ಪನ ತಾಯಿ ದುಂಡವ್ವ ಅದನ್ನೇ ಹೇಳಿದಳು.

"ಮಲತಾಯಿ ಕೈಯಾಗ ಕೂಸ ಕೊಡೂದಕ್ಕಿಂತ ಚಿಗವ್ವನ ಕೈಯಾಗ ಕೊಡೂದು ಚಲೋ" ಎಂದಳು. ಮನೆಯಲ್ಲಿ ಹಿರಿಯ ಮಾತು ಅವಳದು. ಗೋಧಿಗೆ ನೀರು ಬಿತ್ತು.

ಗೌರಿಗೆ ಆಗ ಹದಿನಾಲ್ಕು. ಊರ ಶಾಲೆಯಲ್ಲಿ ಏಳನೆಯ ಇಯತ್ತೆ.

ಅದೇ ವಾರ ಊರಿನಲ್ಲಿ ಡಂಗುರ ಹೊಡೆದರು. ಇದು ೧೯೭೫ನೆಯ ಇಸವಿ. ಈ ವರ್ಷವನ್ನು ಜಗತ್ತಿನಾದ್ಯಂತ ಮಹಿಳಾ ವರ್ಷವೆಂದು ಕರೆದಿರುವುದು ಪತ್ರಿಕೆ ಓದುವವರಿಗೆ ಗೊತ್ತು. ಹೆಣ್ಣುಮಕ್ಕಳ ಹಕ್ಕುಗಳ ವಿಷಯದಲ್ಲಿ ಜನರ ವಿಚಾರ ಕೇಳಲು ತಾಲೂಕಿನಿಂದ ಬರುತ್ತಾರೆ, ಮನೆಗೊಬ್ಬರು ಚಾವಡಿಗೆ ಬರಬೇಕು ಎಂದು ಡಂಗುರದವನು ಸಾರಿಕೊಂಡು ಹೋದ. ಮನೆಗೊಬ್ಬರು ಬಂದರು. ಬಂದವರೆಲ್ಲ ಗಂಡಸರು.

ಇದರಲ್ಲಿ ಯಾರಿಗೂ ಏನೂ ವಿಚಿತ್ರ ಕಾಣಲಿಲ್ಲ. ನಮ್ಮ ಊರುಗಳಲ್ಲಿ ಹೆಣ್ಣುಮಕ್ಕಳು ಚಾವಡಿಯ ಮುಂದಿನಿಂದ ಹಾಯುವಾಗ ಕಾಲಿನ ಚಪ್ಪಲಿ ಕೈಗೆ ತೆಗೆದುಕೊಳ್ಳುತ್ತಾರೆ, ಸೆರಗು ತಲೆಯ ಮೇಲೆ ಎಳೆದುಕೊಳ್ಳುತ್ತಾರೆ. ಕಟ್ಟೆ ಹತ್ತುವ ಮಾತೇ ಇಲ್ಲ.

ತಾಲೂಕಿನಿಂದ ಬಂದ ಸಾಹೇಬರು ಕೇಳಿದ ಪ್ರಶ್ನೆಗಳಿಗೆಲ್ಲ ಉತ್ತರಗಳು ಬೇಗ ಬೇಗ ಬಂದವು. ಹುಡುಗಿಯ ಮದುವೆಗೆ ಈಗಿನ ಕಾಯಿದೆಯಂತೆ ಹದಿನೈದು ತುಂಬಿರಬೇಕು, ಅದನ್ನು ಹದಿನೆಂಟಕ್ಕೆ ಏರಿಸುವ ವಿಚಾರ ನಡೆದಿದೆ, ನಿಮ್ಮ ಅಭಿಪ್ರಾಯವೇನು ಎಂದಾಗ, ಅಷ್ಟು ವರ್ಷ ಕಾಯುತ್ತ ಕುಳಿತರೆ ಗಂಡು ಸಿಗುವುದಿಲ್ಲ ಎಂದರು. ಹೆಣ್ಣುಮಕ್ಕಳಿಗೆ ಏನಾದರೂ ತೊಂದರೆ ಇದೆಯೇ ಎಂದಾಗ, ಏನೂ ಇಲ್ಲ ಎಂದರು. ಒಬ್ಬ ಹಿರಿಯರಂತೂ ನಗುತ್ತಲೇ ಹೇಳಿದರು: "ಹೆಣ್ಮಕ್ಕಳ ವಿಚಾರ ನಮಗ ಗೊತ್ತೈತ್ರಿ ಸಾಹೇಬ್ರ. ಅವರಿಗೇ ಗೊತ್ತಿಲ್ಲ."

ಸಾಹೇಬರ ಜೊತೆ ಗ್ರಾಮಸೇವಿಕೆ ರಜಿಯಾಬೇಗಂ ಬಂದಿದ್ದಳು. ಸುತ್ತಲಿನ ಹಳ್ಳಿಗಳಿಗೆ ಬಸ್ಸಿನಲ್ಲೂ ನಡೆದೂ ತಿರುಗುವ ಹೆಣ್ಣುಮಗಳು, ಎಲ್ಲರಿಗೂ ಪರಿಚಯ. ಅವಳು ಎದ್ದು, ಸಭೆ ಯಾರಿಗಾಗಿ ಕರೆದಿದ್ದೇವೋ ಅವರು ಎಲ್ಲಿದ್ದಾರೆ ಎಂದು ಕೇಳಿದಳು. ಉತ್ತರ ಕೊಟ್ಟವನು ಶಂಕ್ರಪ್ಪ.

"ಅವರು ಬಂದ್ರ ಎಲ್ಲಿ ಕುಂದ್ರಬೇಕ್ರಿ ಅಕ್ಕೋರ? ಚಾವಡಿ ಕಟ್ಟಿ ಹತ್ತೂದು ನಮ್ಮಲ್ಲಿ ಇಲ್ರಿ."

"ಮತ್ತ ಎಲ್ಲಿ ಕುಂದರ್ತಾರ್ರಿ?"

"ಈಗ ಶಾವಿಗಿ ದಿನಾ. ನಮ್ಮನಿ ಅಂಗಳದಾಗ ಕುಂತಾರ."

"ಹಂಗಂದ್ರ ನಾಳೆ ನಿಮ್ಮನಿಗೆ ಬರ್ತೀನ್ರಿ" ಎಂದಳು ರಜಿಯಾಬೇಗಂ. ಮನೆಗೆ ಬರುತ್ತೇನೆ ಎಂದವರಿಗೆ ಬೇಡ ಎನ್ನುವುದು ಶಂಕ್ರಪ್ಪನಿಗೆ ಬರಲಿಲ್ಲ.

ಮರುದಿನ ಮಧ್ಯಾಹ್ನ ಅವಳು ಬಂದಾಗ ಅಂಗಳದ ಚಪ್ಪರದ ಕೆಳಗೆ ಮಣೆಗಳ ಮೇಲೆ ಕೆಲಸ ನಡೆದಿತ್ತು. ಒಬ್ಬರು ಕಣಕ ಎಳೆದು ಹೊಸೆಯುವುದು, ಇನ್ನೊಬ್ಬರು ಎಳೆ ಕಡಿಯದಂತೆ ಹಿಡಿದು ಕೋಲಿಗೆ ಹಾಕುವುದು. ಗೌರಿಯೂ ಒಂದು ಮಣೆಯ ಮೇಲಿದ್ದಳು. ತನ್ನ ಮದುವೆಯ ಶಾವಿಗೆಯನ್ನು ತಾನೇ ಹೊಸೆಯುತ್ತಿದ್ದಳು. ದುಂಡವ್ವ ಹೊಸ್ತಿಲಲ್ಲಿ ಕುಳಿತು ಎಲ್ಲರ ಕೈ ನೋಡುತ್ತಿದ್ದಳು. ನೀಲಕ್ಕ ಪಡಸಾಲೆಯಲ್ಲಿ ಕೂಸನ್ನು ತೂಗುತ್ತಿದ್ದಳು. ಅದು ಕಲಘಟಗಿಯ ಬಣ್ಣದ ತೊಟ್ಟಿಲು. ಕಾಲುಗಳಿಗೆ ಅರಗಿನ ಕೆಂಪು, ಹಸಿರು, ಹಳದಿ ಪಟ್ಟೆ, ನಾಲ್ಕೂ ಬದಿಗೆ ಗಿಳಿ, ಬಳ್ಳಿ.

ರಜಿಯಾಬೇಗಂ ಕಾಲು ತೊಳೆದು ಬಂದು ಖಾಲಿ ಇದ್ದ ಒಂದು ಮಣೆಗೆ ಕೂತಳು. ರಮಜಾನಿಗೆ ನಮ್ಮಲ್ಲೂ ಶಾವಿಗೆ ಮಾಡುತ್ತೇವೆ ಎಂದು ಕಣಕ ತೆಗೆದುಕೊಂಡಳು. ಅವಳ ಎಳೆ ಅಷ್ಟು ಸಣ್ಣಗೆ ಬರಲಿಲ್ಲ.

"ಇರ್ಲಿ ಬಿಡವ್ವಾ" ಎಂದಳು ದುಂಡವ್ವ. "ಎತ್ತು ಕಟ್ಟಾಕ ಹಗ್ಗ ಬೇಕಾಗಿತ್ತು ನಮಗ."

ಎಲ್ಲರೂ ನಕ್ಕರು, ರಜಿಯಾಬೇಗಮಳೂ ನಕ್ಕಳು. ನಗೆ ಮುಗಿದ ಮೇಲೆ ತಾನು ಬಂದ ಕಾರಣ ಹೇಳಿದಳು. ಮದುವೆಯ ವಯಸ್ಸು ಎಷ್ಟಿರಬೇಕು, ಹುಡುಗಿಯನ್ನು ಕೇಳಿ ಕೊಡಬೇಕೋ ಬೇಡವೋ, ಶಾಲೆ ಎಲ್ಲಿಯವರೆಗೆ ಕಲಿಸಬೇಕು, ನಿಮ್ಮ ವಿಚಾರ ಹೇಳಿರಿ, ಅದನ್ನು ಮೇಲಿನವರಿಗೆ ಮುಟ್ಟಿಸುವುದು ನನ್ನ ಕೆಲಸ ಎಂದಳು. ಕೈಗಳು ಮಾತ್ರ ಓಡಾಡುತ್ತಿದ್ದವು. ಎಲ್ಲರೂ ಒಮ್ಮೊಮ್ಮೆ ಹೊಸ್ತಿಲ ಕಡೆ ನೋಡುತ್ತಿದ್ದರು.

"ನಮ್ಮ ವಿಚಾರ ಯಾರಿಗೆ ಬೇಕಾಗೇತಿ?" ಎಂದಳು ದುಂಡವ್ವ. "ನಮ್ಮನ್ನ ಕೇಳಿ ಮಳಿ ಬರ್ತೈತೇನು?"

ರಜಿಯಾಬೇಗಂ ಅದಕ್ಕೆ ಎದುರಾಡಲಿಲ್ಲ. ತನಗೆ ತಿಳಿದದ್ದನ್ನು ಹೇಳಿದಳು. ಹದಿಮೂರು ಹದಿನಾಲ್ಕಕ್ಕೆ ಹುಡುಗಿಯ ಮೈ ಇನ್ನೂ ಬೆಳೆಯುತ್ತಿರುತ್ತದೆ, ಸೊಂಟದ ಎಲುಬು ಅಗಲವಾಗಿರುವುದಿಲ್ಲ. ಅಂಥ ಹುಡುಗಿ ಬಸುರಾದರೆ ಹೆರಿಗೆಯಲ್ಲಿ ಕೂಸು ಸಿಕ್ಕಿಕೊಳ್ಳುತ್ತದೆ. ತಾಯಿಗೂ ಅಪಾಯ, ಕೂಸಿಗೂ ಅಪಾಯ. ವಯಸ್ಸು ತುಂಬಿದವಳಾದರೂ ಬಸುರಿಯನ್ನು ದವಾಖಾನೆಗೆ ಕರೆದೊಯ್ದು ತೋರಿಸುತ್ತಿರಬೇಕು. ಇದರಲ್ಲಿ ಯಾರ ಹಣೆಬರಹವೂ ಇಲ್ಲ.

ತೊಟ್ಟಿಲು ತೂಗುತ್ತಿದ್ದ ನೀಲಕ್ಕನ ಕೈ ನಿಂತಿತು. ಈ ಮನೆಗೆ ಸೊಸೆಯಾಗಿ ಬಂದಂದಿನಿಂದ ಅತ್ತೆಯ ಎದುರು ಅವಳು ದನಿ ಎತ್ತಿದ್ದಿಲ್ಲ. ಈಗಲೂ ಎತ್ತಲಿಲ್ಲ. ಕೂಸನ್ನು ಎಬ್ಬಿಸಬಾರದೆನ್ನುವ ಹಾಗೆ ಮೆಲ್ಲಗೆ ಮಾತಾಡಿದಳು.

"ಈ ತೊಟ್ಟಿಲಾ ನೋಡ್ರಿ ಅಕ್ಕೋರ. ಬಸುರಿ ಮಾದೇವೀದು ಕುಬಸ ಆದ ಮ್ಯಾಲೆ ಹೇಳಿ ಮಾಡಿಸಿದ್ದು. ಕಟಗಿ ನೋಡಾಕ ಕಲಘಟಗಿಗೆ ಹೋದ್ವಿ. ಬಣ್ಣ ಹೇಳಾಕ ಹೋದ್ವಿ. ಗಿಳಿ ಬರಸೂದೋ ನವಲ ಬರಸೂದೋ ಅಂತ ಮನ್ಯಾಗ ಎಲ್ಲಾರ್ನೂ ಕೇಳಿದ್ರು. ನನ್ನೂ ಕೇಳಿದ್ರು. ಗಿಳಿ ಇರ್ಲಿ ಅಂದೆ. ಹೋದಾಗೆಲ್ಲಾ ದವಾಖಾನಿ ಮುಂದ ಹಾದೇ ಚಿತ್ರಗಾರರ ಮನಿಗೆ ಹೋಗೇವಿ. ಒಂದ್ ಸಲಾನೂ ಹುಡಿಗೀನ ಒಳಗ ಕರಕೊಂಡು ಹೋಗ್ಲಿಲ್ಲ."

ತೊಟ್ಟಿಲ ಗಿಳಿಯ ಮೇಲೆ ಕೈಯಿಟ್ಟು ಮತ್ತೆ ಹೇಳಿದಳು: "ತೊಟ್ಟಿಲಕ್ಕ ಯಾವ ಚಿತ್ರ ಬೇಕಂತ ಕೇಳಿದ್ರು. ಮಗಳನ್ನ ಕೊಡೂ ಮುಂದ ಯಾರೂ ಕೇಳಲಿಲ್ಲ."

ಮಾದೇವಿಗೆ ಹೆರಿಗೆ ಬೇನೆ ಬಂದಾಗ ಏನಾಯಿತೆಂಬುದು ಆ ಅಂಗಳದಲ್ಲಿದ್ದವರಿಗೆಲ್ಲ ಗೊತ್ತಿತ್ತು. ಸೂಲಗಿತ್ತಿ ಕೈಚೆಲ್ಲಿದ ಮೇಲೂ ಚೊಚ್ಚಿಲ ಹೆರಿಗೆ ತಡವಾಗುವುದೇ ಎಂದು ಮನೆಯವರು ಕಾದರು. ಕೂಸು ಹೊರಬಂದ ಮೇಲೆ ರಕ್ತ ನಿಲ್ಲಲಿಲ್ಲ. ಚಕ್ಕಡಿ ಹೂಡಿ ಕಲಘಟಗಿಯ ದಾರಿ ಹಿಡಿದರು. ಮಾದೇವಿ ದಾರಿಯಲ್ಲಿಯೇ ತೀರಿಕೊಂಡಳು. ಚಿತ್ರಗಾರರ ಮನೆಯಿಂದ ತೊಟ್ಟಿಲು ಮನೆಗೆ ಬಂದದ್ದು ಆಮೇಲೆ.

ಅಂಗಳದಲ್ಲಿ ಎಳೆ ಹಿಡಿದ ಕೈಗಳೆಲ್ಲ ನಿಂತಿದ್ದವು. ಸೊಸೆಗೆ ಅತ್ತೆ ಈಗ ಏನನ್ನುತ್ತಾಳೋ ಎಂದು ಎಲ್ಲರೂ ಕಾದರು. ದುಂಡವ್ವ ಸೊಸೆಯನ್ನೂ ನೋಡದೆ, ಗ್ರಾಮಸೇವಿಕೆಯನ್ನೂ ನೋಡದೆ, ಒಣಗಲು ಹಾಕಿದ್ದ ಶಾವಿಗೆ ಕೋಲುಗಳ ಕಡೆ ಮುಖ ಮಾಡಿ ಹೇಳಿದಳು.

"ನಮ್ಮಕ್ಕನೂ ಹಿಂಗ ಸತ್ಲು. ಇದ ಮನ್ಯಾಗ. ಕೂಸಿನ ಸಲುವಾಗಿ ಅಂತ ನನ್ನ ತಂದು ಕೂಡಿಸಿದ್ರು. ಹನ್ನೆರಡು ವರ್ಷದಾಕಿ ನಾನು. ಕೂಸು ನನಗ ಅವ್ವಾ ಅಂತಿತ್ತು. ನಾನು ಹಿತ್ತಲಕ್ಕ ಹೋಗಿ ನಮ್ಮವ್ವನ ನೆನಿಸಿ ಅಳ್ತಿದ್ದೆ."

ದುಂಡವ್ವ ಎರಡನೆಯ ಸಂಬಂಧದವಳೆಂದು ಊರಿಗೆ ಗೊತ್ತಿತ್ತು. ಅವಳ ಬಾಯಿಂದ ಅದನ್ನು ಯಾರೂ ಕೇಳಿರಲಿಲ್ಲ, ಇಷ್ಟು ವರ್ಷ ಒಂದೇ ಒಲೆಯ ಮುಂದೆ ಕೂತ ನೀಲಕ್ಕನೂ ಕೇಳಿರಲಿಲ್ಲ.

"ಆ ಕೂಸು?" ಎಂದಳು ರಜಿಯಾಬೇಗಂ.

"ವರ್ಷ ತುಂಬಲಿಲ್ಲವ್ವಾ. ಅದಕ್ಕಂತ ನನ್ನ ತಂದಿದ್ರು. ಅದು ಹೋತು, ನಾ ಉಳದೆ."

ಆಮೇಲೆ ಅಂಗಳದ ಬಾಯಿ ಬಿಚ್ಚಿತು. ಒಬ್ಬಳು ತನ್ನ ಮಗಳನ್ನು ನಾಲ್ಕನೆಯ ಇಯತ್ತೆಗೆ ಬಿಡಿಸಿದ್ದನ್ನು ಹೇಳಿದಳು. ಇನ್ನೊಬ್ಬಳು ಮದುವೆಯ ದಿನವೂ ತನ್ನ ತಂಗಿ ಓಣಿಯಲ್ಲಿ ಲಗೋರಿ ಆಡುತ್ತಿದ್ದಳೆಂದು ಹೇಳಿದಳು. ಹದಿನೆಂಟು ಬೇಡ, ಹದಿನಾರು ಸಾಕು ಎಂದವರೂ ಇದ್ದರು. ಅವರ ಮಾತನ್ನೂ ರಜಿಯಾಬೇಗಂ ಅಷ್ಟೇ ಲಕ್ಷ್ಯಗೊಟ್ಟು ಕೇಳಿದಳು. ವಿಚಾರ ಕೇಳುವುದೆಂದರೆ ನಮಗೆ ಬೇಕಾದದ್ದನ್ನಷ್ಟೇ ಕೇಳುವುದಲ್ಲ ಎಂದಳು. ಆ ದಿನ ಹೊಸೆದ ಶಾವಿಗೆ ಕಡಿಮೆಯಾಯಿತು.

ಸಂಜೆ ಶಂಕ್ರಪ್ಪ ಹೊಲದಿಂದ ಬಂದು ಕಾಲು ತೊಳೆಯುತ್ತಿದ್ದಾಗ ದುಂಡವ್ವ ಅವನನ್ನು ಕರೆದು ಮುಂದೆ ಕೂಡಿಸಿಕೊಂಡಳು. ಈ ಸಂಬಂಧ ಬೇಡ ಎಂದಳು. ಅವನಿಗೆ ಆಶ್ಚರ್ಯವಾಯಿತು. ಮೊದಲು ಬೇಕು ಎಂದವಳೂ ಅವಳೇ. ಮಾತು ಹೋಗಿದೆ, ಗೋಧಿ ತೊಯಿಸಿದೆ, ಮಂದಿ ಏನೆಂದಾರು ಎಂದ. ಕೊನೆಗೆ ಅವನ ಮನಸ್ಸಿನಲ್ಲಿದ್ದ ಮಾತು ಹೊರಬಿತ್ತು.

"ಕೂಸನ್ನ ಒಯ್ತಾರ ಯವ್ವಾ. ಮಾದೇವೀದು ಅಂತ ಉಳದಿದ್ದು ಅದೊಂದ."

ದುಂಡವ್ವ ಪಡಸಾಲೆಯ ಕಡೆ ಕೈ ತೋರಿಸಿದಳು. "ನನ್ನ ಕೇಳಬ್ಯಾಡ. ಹುಡಿಗೀನ ಕೇಳು" ಎಂದಳು.

ಗೌರಿ ಪಡಸಾಲೆಯಲ್ಲಿ ತೊಟ್ಟಿಲ ಹಗ್ಗ ಹಿಡಿದು ಕುಳಿತಿದ್ದಳು. ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಮಗಳಿಗೆ ಹೀಗೆ ಪ್ರಶ್ನೆ ಹಾಕುವುದು ಶಂಕ್ರಪ್ಪನಿಗೆ ಅಭ್ಯಾಸವಿರಲಿಲ್ಲ. ತೊಟ್ಟಿಲ ಹತ್ತಿರ ಹೋಗಿ ಕೂತು, ನಿನ್ನ ವಿಚಾರ ಏನು ಎಂದು ಕೇಳಿದ.

ಗೌರಿ ತೊಟ್ಟಿಲು ತೂಗುವುದನ್ನು ಬಿಡಲಿಲ್ಲ. "ಅಕ್ಕಗ ಆದಂಗ ನನಗೂ ಆದ್ರ, ಆಮ್ಯಾಲೆ ಯಾರನ್ನ ಕೊಡ್ತೀಯಪ್ಪಾ?" ಎಂದಳು.

ಶಂಕ್ರಪ್ಪ ಎದ್ದು ಎತ್ತುಗಳಿಗೆ ಮೇವು ಹಾಕಲು ಹೋದ. ಬಹಳ ಹೊತ್ತು ಬರಲಿಲ್ಲ. ಊಟಕ್ಕೆ ಕುಳಿತಾಗ ಹೆಂಡತಿಗೆ, ಬೀಗರು ಬಂದರೆ ನಾನೇ ಹೇಳುತ್ತೇನೆ ಎಂದ. ನಿನಗೇನು ಅನ್ನಿಸುತ್ತದೆ ಎಂದು ಅವಳನ್ನೂ ಕೇಳಿದ. ನೀಲಕ್ಕ ತೊಟ್ಟಿಲ ಕಡೆ ಒಮ್ಮೆ, ಗೌರಿಯ ಕಡೆ ಒಮ್ಮೆ ನೋಡಿದಳು. ಕೊಡುವುದು ಬೇಡ ಎಂದಳು. ಹಾಗೆನ್ನುವಾಗ ತಾನು ಏನನ್ನು ಕಳೆದುಕೊಳ್ಳುತ್ತೇನೆಂಬುದು ಅವಳಿಗೆ ಗೊತ್ತಿತ್ತು.

ಶಂಭುಲಿಂಗಪ್ಪನವರು ಬಂದಾಗ ಬೆಲ್ಲ, ನೀರು ಕೊಟ್ಟು ಕೂಡಿಸಿದರು. ಶಂಕ್ರಪ್ಪ ಸುತ್ತಿ ಬಳಸಿ ಹೇಳಲಿಲ್ಲ.

"ಹುಡುಗಿ ಒಲ್ಲೆ ಅಂತಾಳ್ರಿ ಬೀಗರ."

"ಹುಡಿಗೀನ ಯಾಕ ಕೇಳಾಕ ಹೋದಿ?"

"ಕೇಳಬೇಕಾಗಿತ್ತರಿ. ಹಿರೇಕಿನ್ನೂ ಕೇಳಬೇಕಾಗಿತ್ತು."

ಅವರು ಜಗಳಾಡಲಿಲ್ಲ. ಹಾಗಾದರೆ ನಮ್ಮ ಕೂಸು ನಮಗೆ ಕೊಡಿ ಎಂದರು. ಈ ವಿಷಯದಲ್ಲಿ ಕಾಯಿದೆ ಏನು ಹೇಳುತ್ತದೆಂದು ನೀಲಕ್ಕ ಮೊದಲೇ ರಜಿಯಾಬೇಗಮಳನ್ನು ಕೇಳಿದ್ದಳು. ತಂದೆ ಕೇಳಿದರೆ ಅಜ್ಜಿಗೆ ಕೂಸನ್ನು ಇಟ್ಟುಕೊಳ್ಳುವುದು ಕಷ್ಟ ಎಂದು ಅವಳು ಸುಳ್ಳು ಭರವಸೆ ಕೊಡದೆ ಹೇಳಿದ್ದಳು. ನೀಲಕ್ಕ ಕೂಸಿಗೆ ಎಣ್ಣೆ ಹಚ್ಚಿ ಎರೆದಳು. ಆಡಿನ ಹಾಲಿಗೆ ನೀರು ಎಷ್ಟು ಬೆರೆಸಬೇಕು, ಯಾವ ಹೊತ್ತಿಗೆ ಕುಡಿಸಬೇಕು ಎಂದು ಶಂಭುಲಿಂಗಪ್ಪನವರಿಗೆ ಮತ್ತೆ ಮತ್ತೆ ಹೇಳಿದಳು. ತೊಟ್ಟಿಲನ್ನೂ ಒಯ್ಯಿರಿ ಎಂದಳು. ಅದೊಂದು ಇಲ್ಲೇ ಇರಲಿ ಎಂದರು ಅವರು. ಚಕ್ಕಡಿ ಓಣಿ ದಾಟುವವರೆಗೂ ಕೂಸು ಅತ್ತದ್ದು ಕೇಳುತ್ತಿತ್ತು.

ಬರಿದಾದ ತೊಟ್ಟಿಲನ್ನು ತೂಗಬಾರದೆನ್ನುತ್ತಾರೆ. ಬಾಗಿಲ ಗಾಳಿಗೆ ಅದು ತಾನೇ ಅಲುಗಾಡಿತು. ದುಂಡವ್ವ ಎದ್ದು ಹೋಗಿ ಒಳಕಲ್ಲಿನ ಗುಂಡುಕಲ್ಲನ್ನು ತಂದು ಕೂಸಿನ ಕೌದಿಯ ಮೇಲೆ ಇಟ್ಟಳು. ತೊಟ್ಟಿಲು ನಿಂತಿತು. ಸಂಜೆ ಅದನ್ನು ಬಿಚ್ಚಿ ಅಟ್ಟಕ್ಕೆ ಏರಿಸಿದರು.

ಮಡಿವಾಳೆಪ್ಪನಿಗೆ ಬೇರೆ ಕಡೆ ಮದುವೆಯಾಯಿತು. ಆ ಹುಡುಗಿಯ ವಯಸ್ಸು ಎಷ್ಟೆಂದು ನಮಗೆ ತಿಳಿದಿಲ್ಲ. ಕೂಸು ಈಗ ಗೋಡೆ ಹಿಡಿದು ನಡೆಯುತ್ತದೆಂದು ಸಂತೆಗೆ ಬಂದವರು ಹೇಳುತ್ತಾರೆ. ನೀಲಕ್ಕನಿಗೆ ಸಿಕ್ಕುವ ಸುದ್ದಿ ಇಷ್ಟೇ. ಶ್ರಾವಣದಲ್ಲಿ ಪಂಚಮಿ ಬಂತು. ಓಣಿಯ ಹೆಣ್ಣುಮಕ್ಕಳೆಲ್ಲ ತವರಿಗೆ ಬಂದು ಜೋಕಾಲಿ ಆಡಿದರು. ಶಂಕ್ರಪ್ಪನ ಮನೆಗೆ ಬರುವ ಮಗಳಿರಲಿಲ್ಲ. ಆ ದಿನ ನೀಲಕ್ಕ ಮದುವೆಗೆಂದು ಹೊಸೆದಿದ್ದ ಶಾವಿಗೆಯ ಗಡಿಗೆ ಬಿಚ್ಚಿ, ಕುದಿಸಿ ಬಸಿದು, ಬೆಲ್ಲ ಹಾಕಿ, ಓಣಿಯ ಎಲ್ಲ ಮನೆಗಳಿಗೂ ಕೊಟ್ಟಳು. ರಜಿಯಾಬೇಗಮಳಿಗೆ ಒಂದು ಪಾಲು ತೆಗೆದಿಟ್ಟಳು. ಗೌರಿ ಮಿಶ್ರಿಕೋಟಿಯ ಶಾಲೆಗೆ ಹೋಗುತ್ತಿದ್ದಾಳೆ. ಚಾವಡಿಯ ಮುಂದಿನಿಂದಲೇ ದಾರಿ. ಚಪ್ಪಲಿ ಕೈಗೆ ತೆಗೆದುಕೊಳ್ಳುವುದನ್ನು ಬಿಟ್ಟಿದ್ದಾಳೆಂದು ಹಿರಿಯರೊಬ್ಬರು ದೂರಿದರು. ಶಂಕ್ರಪ್ಪ, "ಮುಳ್ಳು ಚುಚ್ಚತಾವರಿ" ಎಂದನಂತೆ.

ಇದನ್ನು ಓದುವ ಅಣ್ಣಂದಿರೇ, ಓದಿಸಿ ಕೇಳುವ ಅಕ್ಕತಂಗಿಯರೇ, ಹೆಣ್ಣುಮಕ್ಕಳ ಹಕ್ಕುಗಳ ಬಗ್ಗೆ ನಿಮ್ಮ ಊರಿನಲ್ಲಿಯೂ ವಿಚಾರ ಕೇಳುವ ದಿನ ಬರುತ್ತದೆ. ಆ ದಿನ ಮನೆಗೊಬ್ಬರು ಎಂದಾಗ ಆ ಒಬ್ಬರು ಹೆಣ್ಣುಮಗಳಾಗಿರಲಿ. ಚಾವಡಿಗೆ ಬರಲು ಅವರಿಗೆ ಸಂಕೋಚವಾದರೆ, ಅವರು ಕೂಡುವ ಅಂಗಳಕ್ಕೆ ಸಭೆಯನ್ನೇ ಕರೆಯಿರಿ. ಬರೆಯಲು ಬಾರದವರು ಬಾಯಿಂದ ಹೇಳಿರಿ. ಒಪ್ಪಿಗೆಯಿಲ್ಲದಿದ್ದರೆ ಇಲ್ಲವೆಂದೇ ಹೇಳಿರಿ, ಅದೂ ಒಂದು ವಿಚಾರವೇ. ಹದಿನೈದು ತುಂಬದ ಹುಡುಗಿಯ ಮದುವೆ ಇಂದಿಗೂ ಕಾಯಿದೆಗೆ ವಿರುದ್ಧ. ಅದು ಹದಿನೆಂಟಾಗಬೇಕೋ ಬೇಡವೋ ಎಂಬುದನ್ನು ದಿಲ್ಲಿಯಲ್ಲಿ ಕುಳಿತವರು ತೀರ್ಮಾನಿಸುವ ಮೊದಲು ನಿಮ್ಮ ಮಾತು ಅವರಿಗೆ ಮುಟ್ಟಲಿ.

ಆದರೆ ಮೊದಲ ಸಭೆ ನಿಮ್ಮ ಮನೆಯಲ್ಲಿಯೇ ಆಗಲಿ. ಅದಕ್ಕೆ ಡಂಗುರ ಬೇಡ, ಸಾಹೇಬರು ಬೇಡ. ಮಗಳನ್ನು ಹತ್ತಿರ ಕರೆದು ಅವಳ ವಿಚಾರ ಕೇಳಿರಿ, ಅವಳು ಹೇಳಿ ಮುಗಿಸುವವರೆಗೆ ಸುಮ್ಮನಿರಿ. ಗೋಧಿ ತೊಯಿಸುವುದು ಆಮೇಲಿನ ಮಾತು.